ಗುಜರಿ ಸಾಮಾನಿನಿಂದ ಪುಟ್ಟ ಕಾರು: ಮೊದಲು ಬ್ರೇಕು, ಕೊನೆಗೆ ಮೋಟರು

ಮೂಲೆ ಸೇರಿದ ಟ್ರೆಡ್‌ಮಿಲ್, ಕಾಲು ಮುರಿದ ಕಬ್ಬಿಣದ ಮಂಚ, ತುಕ್ಕು ಹಿಡಿದ ಸೈಕಲ್ಲು, ಸಾಮಾನು ಸಾಗಿಸುವ ಕೈಗಾಡಿಯ ನಾಲ್ಕು ಚಕ್ರ. ಇಷ್ಟು ಸಿಕ್ಕರೆ ಒಬ್ಬರು ಕೂತು ಓಡಿಸುವ ಕಾರಿಗೆ ಬೇಕಾದ ಮುಕ್ಕಾಲು ಪಾಲು ಸಾಮಾನು ಸಿಕ್ಕ ಹಾಗೆ. ಹದಿಮೂರು ಹದಿನಾಲ್ಕು ವರ್ಷದ ಮೂರು ನಾಲ್ಕು ಜನ ಸೇರಿದರೆ, ಜೊತೆಗೆ ವೆಲ್ಡಿಂಗ್ ಮತ್ತು ವೈರಿಂಗ್ ಬಲ್ಲ ಒಬ್ಬ ದೊಡ್ಡವರಿದ್ದರೆ, ಒಂದು ರಜೆಯಲ್ಲಿ ಇದನ್ನು ಮುಗಿಸಬಹುದು.

ಇದು ಹೊಸ ಹುಚ್ಚೇನಲ್ಲ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ ತೆಗೆದುಕೊಂಡು ಕೊಳವೆ ಚೌಕಟ್ಟಿಗೆ ಕೂರಿಸಿದರು. ಇವತ್ತಿನ ಗೋ ಕಾರ್ಟ್, ಅಂದರೆ ರೇಸಿನ ಪುಟ್ಟ ಕಾರು, ಶುರುವಾಗಿದ್ದು ಅಲ್ಲಿಂದಲೇ.

ನಾನು ಮತ್ತು ಗೆಳೆಯರು ಮೊದಲ ಕಾರು ಮಾಡಿದಾಗ ಎಲ್ಲಕ್ಕಿಂತ ಮೊದಲು ಕೂರಿಸಿದ್ದು ಮೋಟರ್. ಅದು ಗುರ್ ಅಂದ ಕೂಡಲೇ ತಡೆಯಲಾಗಲಿಲ್ಲ, ಅವತ್ತೇ ಓಡಿಸಿದೆವು. ಬ್ರೇಕು ಅಂತ ಇದ್ದದ್ದು ಟೈರಿಗೆ ಒತ್ತುವ ಒಂದು ಮರದ ತುಂಡು. ಗೋಡೆ ಹತ್ತಿರ ಬಂದಾಗ ಆ ತುಂಡು ಕಿತ್ತು ಗೆಳೆಯನ ಕೈಗೇ ಬಂತು. ಅವನ ಮೊಣಕಾಲಿಗೆ ಆರು ಹೊಲಿಗೆ ಬಿತ್ತು. ಅಲ್ಲಿಂದೀಚೆಗೆ ನಾನು ಯಾರಿಗೆ ಹೇಳಿಕೊಟ್ಟರೂ ಕ್ರಮ ಒಂದೇ: ಗಾಡಿ ಮೊದಲು ಉರುಳಬೇಕು, ಆಮೇಲೆ ತಿರುಗಬೇಕು, ಆಮೇಲೆ ನಿಲ್ಲಬೇಕು. ಈ ಮೂರೂ ಸರಿಯಾಗಿ ಆದಮೇಲೆ ಮೋಟರ್. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ.

ಎಷ್ಟು ವೇಗ, ಎಷ್ಟು ಶಕ್ತಿ

ಗಂಟೆಗೆ 15 ಕಿ.ಮೀ. ಸಾಕು. ನೆಲಕ್ಕೆ ಹತ್ತಿರ ಕೂತಾಗ ಅದೇ ಎಷ್ಟೋ ಜಾಸ್ತಿ ಅನ್ನಿಸುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಾಡಿ, ಸವಾರ ಸೇರಿ 100 ಕೆ.ಜಿ. ಅಂತಿಟ್ಟುಕೊಳ್ಳಿ. 15 ಕಿ.ಮೀ. ವೇಗದಲ್ಲಿ ಅದರಲ್ಲಿರುವ ಶಕ್ತಿ ಸುಮಾರು 870 ಜೌಲ್, 30ರಲ್ಲಿ 3,470. ಮನೆಯಲ್ಲಿ ಮಾಡಿದ ಬ್ರೇಕಿಗೆ ಮೊದಲನೆಯದು ದಕ್ಕುತ್ತದೆ, ಎರಡನೆಯದು ದಕ್ಕುವುದಿಲ್ಲ.

ಸಮತಟ್ಟು ನೆಲದಲ್ಲಿ ಇಷ್ಟು ತೂಕವನ್ನು ಈ ವೇಗದಲ್ಲಿ ಎಳೆಯಲು 110-120 ವಾಟ್ ಸಾಕು. ನೂರು ಮೀಟರಿಗೆ ಐದು ಮೀಟರ್ ಏರುವ ದಿಬ್ಬ ಬಂದರೆ ಇನ್ನೊಂದು 200 ವಾಟ್ ಬೇಕು. ಹಾಗಾಗಿ 300-350 ವಾಟ್ ಕೊಡುವ ಮೋಟರ್ ನಮ್ಮ ಗುರಿ. ಅದಕ್ಕಿಂತ ದೊಡ್ಡದರ ಹಿಂದೆ ಬೀಳಬೇಡಿ.

ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು

ಮೋಟರ್ ಅಂದ ಕೂಡಲೇ ಕಣ್ಣು ಹೋಗುವುದು ಮಿಕ್ಸಿ, ವಾಷಿಂಗ್ ಮೆಷಿನ್, ಫ್ಯಾನಿನ ಕಡೆಗೆ. ಈ ಕೆಲಸಕ್ಕೆ ಮೂರೂ ಬೇಡ. ಅವು ಗೋಡೆಯ ಪ್ಲಗ್ಗಿನ ಕರೆಂಟಿಗೆ ಮಾಡಿದ ಮೋಟರ್‌ಗಳು. ಇನ್ವರ್ಟರ್ ಇಟ್ಟು ಓಡಿಸಿದರಾಯ್ತು ಅಂತ ಕೆಲವರು ಯೋಚಿಸುತ್ತಾರೆ. ಅಂದರೆ ನೀವು ಕೂತಿರುವ ಕಬ್ಬಿಣದ ಚೌಕಟ್ಟಿನ ಮೇಲೇ ಜೀವ ತೆಗೆಯುವಷ್ಟು ವೋಲ್ಟೇಜ್ ಓಡಾಡುತ್ತದೆ. ಒಂದು ವೈರಿನ ಸಿಪ್ಪೆ ಉಜ್ಜಿ ಹೋದರೆ ಸಾಕು, ಕಥೆ ಮುಗಿಯಿತು. ನಮ್ಮ ಕಾರಿನಲ್ಲಿ 24 ವೋಲ್ಟ್ ಡಿಸಿಗಿಂತ (ಡಿಸಿ ಅಂದರೆ ಬ್ಯಾಟರಿ ಕೊಡುವ ಬಗೆಯ ಕರೆಂಟ್) ಜಾಸ್ತಿ ಎಲ್ಲೂ ಇರಬಾರದು.

ಮೈಕ್ರೋವೇವ್ ಓವನ್ನನ್ನಂತೂ ತೆರೆಯಲೇಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಎರಡು ಸಾವಿರ ವೋಲ್ಟಿನಷ್ಟು ಚಾರ್ಜ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹಳೇ ಡಬ್ಬಿ ಟಿವಿಗೂ ಇದೇ ಮಾತು. ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಸೆಲ್ ಜೋಡಿಸುವುದೂ ಬೇಡ, ಬೆಂಕಿ ಹತ್ತಿಕೊಂಡರೆ ಆರಿಸುವುದು ಕಷ್ಟ.

ಬೇಕಾದದ್ದು ಟ್ರೆಡ್‌ಮಿಲ್ಲಿನ ಮೋಟರ್. ಬಹಳಷ್ಟು ಮನೆ ಟ್ರೆಡ್‌ಮಿಲ್‌ಗಳಲ್ಲಿ ಕಾಯಂ ಅಯಸ್ಕಾಂತದ ಡಿಸಿ ಮೋಟರ್ ಇರುತ್ತದೆ. ಪ್ಲಗ್ ಕಿತ್ತು ಒಂದು ದಿನ ಬಿಡಿ. ಕಂಟ್ರೋಲ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜ್ ಇಲ್ಲವೆಂದು ದೊಡ್ಡವರು ಮಲ್ಟಿಮೀಟರಿನಲ್ಲಿ ನೋಡಲಿ. ಆಮೇಲೆ ಮೋಟರನ್ನು ಮಾತ್ರ ಬಿಚ್ಚಿಕೊಳ್ಳಿ, ಬೋರ್ಡು ನಮಗೆ ಬೇಡ.

ಸರಿಯಾದ ಮೋಟರ್ ಹೌದೋ ಅಲ್ಲವೋ ನೋಡಲು ಕೈಯೇ ಸಾಕು. ಎರಡು ದಪ್ಪ ವೈರುಗಳನ್ನು ಬೇರೆ ಬೇರೆ ಹಿಡಿದು ಶಾಫ್ಟ್ ತಿರುಗಿಸಿ, ಸಲೀಸಾಗಿ ತಿರುಗುತ್ತದೆ. ಈಗ ಆ ಎರಡೂ ವೈರಿನ ತುದಿಯನ್ನು ಒಂದಕ್ಕೊಂದು ತಾಗಿಸಿ ಮತ್ತೆ ತಿರುಗಿಸಿ. ಶಾಫ್ಟ್ ಜೇನುತುಪ್ಪದಲ್ಲಿ ಮುಳುಗಿದ ಹಾಗೆ ಭಾರವಾದರೆ ಅದು ನಮಗೆ ಬೇಕಾದ ಮೋಟರ್. ತಿರುಗಿಸಿದಾಗ ಮೋಟರೇ ಡೈನಮೋ ಆಗಿ ಕರೆಂಟ್ ಹುಟ್ಟಿಸುತ್ತದೆ. ಆ ಕರೆಂಟ್ ತನ್ನನ್ನು ಹುಟ್ಟಿಸಿದ ತಿರುಗುವಿಕೆಯನ್ನೇ ತಡೆಯುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದಾಗ ಅವರ ಮುಖ ನೋಡಬೇಕು. ನನಗೆ ಇವತ್ತಿಗೂ ಅದು ಬೇಸರ ಬಂದಿಲ್ಲ.

ಕೆಲವು ಸಾಮಾನು ಮಾತ್ರ ಹೊಸದೇ ಬೇಕು: ಬ್ರೇಕ್ ಕೇಬಲ್, ಬ್ರೇಕ್ ಪ್ಯಾಡ್, ಫ್ಯೂಸ್, ಸ್ಟೀರಿಂಗಿನ ಬೋಲ್ಟು ಮತ್ತು ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ, ಸುಲಭಕ್ಕೆ ಸಡಿಲವಾಗದ ನಟ್ಟು). ಇವುಗಳಲ್ಲಿ ಉಳಿತಾಯ ಮಾಡಬೇಡಿ.

ನೆಲದ ಮೇಲೆ ಕಾರು ಬರೆಯಿರಿ

ಕಾಗದಕ್ಕಿಂತ ಸೀಮೆಸುಣ್ಣ ಒಳ್ಳೆಯದು. ನೆಲದ ಮೇಲೆ ನಿಜವಾದ ಅಳತೆಯಲ್ಲೇ ಕಾರು ಬರೆಯಿರಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 115 ಸೆಂ.ಮೀ., ಎಡ ಚಕ್ರದಿಂದ ಬಲ ಚಕ್ರಕ್ಕೆ 75-80 ಸೆಂ.ಮೀ. ತಂಡದಲ್ಲಿ ಎಲ್ಲರಿಗಿಂತ ಉದ್ದವಿರುವವರನ್ನು ಆ ಗೆರೆಯೊಳಗೆ ಕೂರಿಸಿ. ಮೊಣಕಾಲು ಸ್ವಲ್ಪ ಮಡಚಿ ಪಾದ ಪೆಡಲಿಗೆ ಸಿಗಬೇಕು. ಸಿಗದಿದ್ದರೆ ಒರೆಸಿ, ಮತ್ತೆ ಬರೆಯಿರಿ.

ಇನ್ನೊಂದು ಅಳತೆಯನ್ನೂ ಈಗಲೇ ತೆಗೆದುಕೊಳ್ಳಿ: ನೀವು ಕೆಲಸ ಮಾಡುವ ಜಾಗದ ಬಾಗಿಲು. ಹೆನ್ರಿ ಫೋರ್ಡ್ 1896ರಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಸೈಕಲ್ ಚಕ್ರದ ತನ್ನ ಮೊದಲ ಗಾಡಿ ಮಾಡಿ ಮುಗಿಸಿದಾಗ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಕೊಡಲಿ ತಗೊಂಡು ಇಟ್ಟಿಗೆ ಗೋಡೆಯನ್ನೇ ಒಡೆಯಬೇಕಾಯ್ತು.

ಆಸನ ನೆಲದಿಂದ 20 ಸೆಂ.ಮೀ.ಗಿಂತ ಎತ್ತರ ಬೇಡ. ಇದು ಚೆಂದಕ್ಕೆ ಹೇಳುವ ಮಾತಲ್ಲ. ಕುರ್ಚಿ ಎತ್ತರದಲ್ಲಿ ಕೂತರೆ ಗಾಡಿ, ಸವಾರ ಸೇರಿದ ತೂಕದ ನಡುಬಿಂದು ನೆಲದಿಂದ 70 ಸೆಂ.ಮೀ. ಮೇಲೆ ಹೋಗುತ್ತದೆ. ಆಗ 15 ಕಿ.ಮೀ. ವೇಗದಲ್ಲಿ ಮೂರು ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೂ ಗಾಡಿ ಮಗುಚಬಹುದು. ಕೆಳಗೆ ಕೂತರೆ ಅದೇ ತಿರುವು ಆರಾಮಾಗಿ ದಾಟುತ್ತದೆ.

ಚೌಕಟ್ಟಿಗೆ ಮಂಚದ ಆಂಗಲ್ ಅಥವಾ 25 ಎಂಎಂ ಚೌಕ ಕೊಳವೆ ಸರಿಹೋಗುತ್ತದೆ. ಕೊಳವೆಯ ತಗಡಿನ ದಪ್ಪ 2 ಎಂಎಂ ಇರಲಿ. ಎರಡು ಉದ್ದ ಪಟ್ಟಿ, ನಾಲ್ಕು ಅಡ್ಡ ಪಟ್ಟಿ, ಮೂಲೆಗಳಲ್ಲಿ ತ್ರಿಕೋನದ ತಗಡು. ಬೋಲ್ಟಿನಲ್ಲೂ ಜೋಡಿಸಬಹುದು, ಆಗ 8 ಎಂಎಂ ಬೋಲ್ಟು ಹಾಕಿ. ವೆಲ್ಡಿಂಗನ್ನು ಗೊತ್ತಿರುವ ದೊಡ್ಡವರೇ ಮಾಡಲಿ. ಸತುವಿನ ಲೇಪದ ನೀರಿನ ಕೊಳವೆ, ಫಳಫಳ ಹೊಳೆಯುವ ಕ್ರೋಮ್ ಕುರ್ಚಿ ಕಾಲು ವೆಲ್ಡಿಂಗಿಗೆ ಬೇಡ. ಆ ಹೊಗೆ ಉಸಿರಿಗೆ ವಿಷ.

ಚಕ್ರ

ದೊಡ್ಡ ಸೈಕಲ್ಲಿನ ಚಕ್ರ ನೋಡಲು ಚೆನ್ನ, ಆದರೆ ನಾಲ್ಕು ಚಕ್ರದ ಗಾಡಿಗೆ ಅಲ್ಲ. ಸೈಕಲ್ ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಅದರ ಚಕ್ರಕ್ಕೆ ಪಕ್ಕದಿಂದ ಹೊಡೆತ ಬೀಳುವುದು ಕಡಿಮೆ. ಕಾರು ವಾಲುವುದಿಲ್ಲ, ಪೂರ್ತಿ ಹೊಡೆತ ಕಡ್ಡಿಗಳ ಮೇಲೇ ಬೀಳುತ್ತದೆ. ಜೊತೆಗೆ ಸೈಕಲ್ ಆಕ್ಸಲ್ಲನ್ನು ಎರಡೂ ಕಡೆ ಹಿಡಿದಿರಬೇಕು. ಒಂದೇ ಕಡೆ ಹಿಡಿದರೆ ಬಾಗುತ್ತದೆ.

ಕೈಗಾಡಿಯ 30 ಸೆಂ.ಮೀ. ವ್ಯಾಸದ ಗಾಳಿ ಟೈರು ಒಳ್ಳೆಯದು. ಮುಂದಿನ ಎರಡು ಚಕ್ರ 16 ಎಂಎಂ ಅಥವಾ ಇನ್ನೂ ದಪ್ಪದ ಸಲಾಕೆಯ ಮೇಲೆ ತಮ್ಮ ಬೇರಿಂಗಿನಲ್ಲೇ ತಿರುಗಲಿ. ಹಿಂದಿನ ಎರಡು ಚಕ್ರಕ್ಕೆ 20 ಎಂಎಂ ದಪ್ಪದ ಒಂದೇ ಉದ್ದ ಆಕ್ಸಲ್. ಅದು ಚೌಕಟ್ಟಿನ ಕೆಳಗೆ ಎರಡು ಬ್ಲಾಕ್ ಬೇರಿಂಗಿನಲ್ಲಿ (ಬೋಲ್ಟ್ ಹಾಕಿ ಬಿಗಿಯುವ ಗೂಡಿನೊಳಗಿನ ಬೇರಿಂಗ್) ಕೂರುತ್ತದೆ. ಆಕ್ಸಲ್ಲಿನ ಎರಡು ತುದಿಗೂ 6 ಎಂಎಂ ತಗಡಿನ ಬಿಲ್ಲೆ ವೆಲ್ಡ್ ಮಾಡಿಸಿ, ಚಕ್ರಗಳನ್ನು ನಾಲ್ಕು ನಾಲ್ಕು ಬೋಲ್ಟಿನಿಂದ ಅದಕ್ಕೆ ಬಿಗಿಯಿರಿ. ಈ ಟೈರಿನ ರಿಮ್ ಎಷ್ಟೋ ಸಲ ಎರಡು ಹೋಳಾಗಿರುತ್ತದೆ. ಹಾಗಾಗಿ ಬೋಲ್ಟಿಗೆ ಸ್ಪಾನರ್ ಹಾಕುವ ಮೊದಲು ಗಾಳಿಯನ್ನು ಪೂರ್ತಿ ಬಿಡಿ. ಗಾಳಿ ತುಂಬಿದ ರಿಮ್ ಬಿಚ್ಚಿದರೆ ಹೋಳು ಮುಖಕ್ಕೆ ಸಿಡಿಯುತ್ತದೆ.

ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗುವುದರಿಂದ ತಿರುವಿನಲ್ಲಿ ಗಾಡಿ ಸ್ವಲ್ಪ ಮೊಂಡು ಮಾಡುತ್ತದೆ. ಪರವಾಗಿಲ್ಲ. ರೇಸಿನ ಕಾರ್ಟ್‌ಗಳೂ ಹೀಗೇ ಇರುತ್ತವೆ. ಇದರ ಲಾಭ ಬ್ರೇಕಿನಲ್ಲಿ ಸಿಗುತ್ತದೆ, ಮುಂದೆ ಹೇಳುತ್ತೇನೆ.

ಸ್ಟೀರಿಂಗ್

ಹಲಗೆಯ ನಡುವೆ ಒಂದು ಬೋಲ್ಟು ಹಾಕಿ ಇಡೀ ಮುಂದಿನ ಆಕ್ಸಲ್ಲನ್ನೇ ತಿರುಗಿಸುವುದು ಸುಲಭ. ಆದರೆ ಜೋರಾಗಿ ತಿರುಗಿಸಿದಾಗ ಮುಂದಿನ ಆಸರೆ ಕಿರಿದಾಗಿ ಗಾಡಿ ಮಗುಚುತ್ತದೆ. ಮೋಟರ್ ಇರುವ ಗಾಡಿಗೆ ಅದು ಬೇಡ. ಎರಡು ಚಕ್ರಕ್ಕೂ ಪ್ರತ್ಯೇಕ ತಿರುಗುಣಿ ಇರಲಿ. ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಮಡಚಿದ ತಗಡು, ಅದರ ನಡುವೆ ನಿಂತ ಕೊಳವೆ, ಎರಡನ್ನೂ ಹಾದು ಹೋಗುವ 12 ಎಂಎಂ ಬೋಲ್ಟು. ಬೋಲ್ಟಿನ ತಲೆ ಮೇಲೆ 8.8 ಅಂತ ಕೆತ್ತಿದೆಯಾ ನೋಡಿ. ಆ ಗುರುತಿದ್ದರೆ ಅದು ಗಟ್ಟಿ ಉಕ್ಕು.

ಈಗ ಒಂದು ಸೊಗಸಾದ ಲೆಕ್ಕ. ಗಾಡಿ ತಿರುಗುವಾಗ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಹೋಗುತ್ತದೆ. ಹಾಗಾಗಿ ಒಳಗಿನ ಚಕ್ರ ಜಾಸ್ತಿ ತಿರುಗಬೇಕು. ಇಲ್ಲದಿದ್ದರೆ ಟೈರು ನೆಲವನ್ನು ಉಜ್ಜುತ್ತದೆ. ಇದಕ್ಕೆ ದಾರಿ ಕಂಡುಹಿಡಿದದ್ದು ಮ್ಯೂನಿಕ್‌ನಲ್ಲಿ ಕುದುರೆಗಾಡಿ ಮಾಡುತ್ತಿದ್ದ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದವರು ಅಕರ್‌ಮನ್. ಹೆಸರು ಅವರದೇ ಉಳಿಯಿತು.

ನಮಗೆ ಬೇಕಾಗಿರುವುದು ಒಂದು ದಾರ. ತಿರುಗುಣಿ ಬೋಲ್ಟಿಗೆ ದಾರದ ತುದಿ ಕಟ್ಟಿ, ಹಿಂದಿನ ಆಕ್ಸಲ್ಲಿನ ನಟ್ಟನಡುವಿಗೆ ಬಿಗಿಯಾಗಿ ಎಳೆಯಿರಿ. ಚಕ್ರ ನೇರ ಇದ್ದಾಗ ಅದರ ಸ್ಟೀರಿಂಗ್ ತೋಳು, ಅಂದರೆ ತಿರುಗುಣಿಯಿಂದ ಹಿಂದಕ್ಕೆ ಚಾಚಿದ ಪಟ್ಟಿ, ಈ ದಾರದ ಗುಂಟ ಮಲಗಿರಬೇಕು. ಇನ್ನೊಂದು ಬದಿಗೂ ಹೀಗೇ ಮಾಡಿ. ತೋಳಿನ ಉದ್ದ 10-12 ಸೆಂ.ಮೀ. ಇರಲಿ. ಎರಡು ತೋಳಿನ ತುದಿಯನ್ನು ಒಂದು ಸಲಾಕೆಯಿಂದ, ರಾಡ್ ಎಂಡ್ (ಎಲ್ಲ ಕಡೆಗೂ ಆಡುವ ಗುಂಡು ಕೀಲು) ಹಾಕಿ ಜೋಡಿಸಿ. ಅಷ್ಟೇ, ಲೆಕ್ಕ ತಾನಾಗೇ ಕೂಡಿಬರುತ್ತದೆ.

ಸ್ಟೀರಿಂಗ್ ಕಂಬಕ್ಕೆ ಸೈಕಲ್ಲಿನ ಹ್ಯಾಂಡಲ್ ತಿರುಗುವ ಕೊಳವೆಯನ್ನು ಬೇರಿಂಗ್ ಸಮೇತ ಕತ್ತರಿಸಿ ಬಳಸಿ. ಅದಕ್ಕಿಂತ ಒಳ್ಳೆಯದು ಬೇರೆ ಸಿಗುವುದಿಲ್ಲ. ಕಂಬದ ತುದಿ ಎದೆಗೆ ನೇರವಾಗಿ ಚುಚ್ಚುವ ಹಾಗಿರಬಾರದು. ಮೇಲೆ ಅಗಲದ ಚಕ್ರ ಅಥವಾ ಅಡ್ಡ ಹಿಡಿಕೆ ಇರಲಿ. ಕೊನೆಗೆ ಮುಂದಿನ ಎರಡು ಟೈರಿನ ಅಂತರ ಅಳೆಯಿರಿ. ಆ ಟೈರುಗಳ ಹಿಂದಿನ ಅಂಚುಗಳ ಅಂತರಕ್ಕಿಂತ ಮುಂದಿನ ಅಂಚುಗಳ ಅಂತರ 2-3 ಎಂಎಂ ಕಡಿಮೆ ಇದ್ದರೆ ಗಾಡಿ ನೇರ ಓಡುತ್ತದೆ.

ಬ್ರೇಕು

ಸೈಕಲ್ಲಿನ ಡಿಸ್ಕ್ ಬ್ರೇಕು ಇಲ್ಲಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. 160 ಎಂಎಂ ಬಿಲ್ಲೆಯನ್ನು ಹಿಂದಿನ ಆಕ್ಸಲ್ಲಿಗೆ ಭದ್ರ ಮಾಡಿ. ಬ್ರೇಕ್ ಹಿಡಿಯುವ ಭಾಗವನ್ನು ಚೌಕಟ್ಟಿಗೆ ಬೋಲ್ಟ್ ಮಾಡಿ. ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದಿರುವುದರಿಂದ ಒಂದು ಬಿಲ್ಲೆ ಹಿಡಿದರೆ ಎರಡೂ ಚಕ್ರ ನಿಲ್ಲುತ್ತವೆ, ಗಾಡಿ ಒಂದು ಕಡೆಗೆ ಎಳೆಯುವುದಿಲ್ಲ. ನಮ್ಮ ಚಕ್ರ ಸೈಕಲ್ಲಿನದಕ್ಕಿಂತ ಚಿಕ್ಕದು, ಹಾಗಾಗಿ ಅದೇ ಬ್ರೇಕು ಇಲ್ಲಿ ಎರಡು ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ.

ಬ್ರೇಕನ್ನು ಆಕ್ಸಲ್ಲಿಗೇ ಹಾಕಬೇಕು, ಮೋಟರಿನ ಕಡೆಗಲ್ಲ. ಚೈನ್ ಕಳಚಿಕೊಂಡರೂ ಬ್ರೇಕು ಇರಬೇಕಲ್ವಾ?

ಕಾಲಿಗೆ ಒಂದು ಪೆಡಲ್. ಜೊತೆಗೆ ಕೈಗೆ ಸಿಗುವ ಹಾಗೆ ಇನ್ನೊಂದು ಲಿವರ್. ಅದಕ್ಕೆ ಬೇರೆಯೇ ಕೇಬಲ್, ಬಿಲ್ಲೆ ಹಿಡಿಯುವ ಭಾಗವೂ ಬೇರೆಯೇ. ಒಂದು ಕೇಬಲ್ ಕಿತ್ತರೆ ಇನ್ನೊಂದಿರುತ್ತದೆ. ಪೆಡಲನ್ನು ಪೂರ್ತಿ ಶಕ್ತಿ ಹಾಕಿ ತುಳಿಯಿರಿ, ಎದ್ದು ನಿಲ್ಲುವಷ್ಟು ಬಲವಾಗಿ. ಏನಾದರೂ ಬಾಗಿದರೆ, ಜಾರಿದರೆ, ಈಗಲೇ ಬಾಗಲಿ. ಸರಿಮಾಡಿ, ಮತ್ತೆ ತುಳಿಯಿರಿ.

ತಳ್ಳಿ ನೋಡುವ ದಿನ

ಈ ದಿನವನ್ನು ಯಾರೂ ಬಿಡಬೇಡಿ. ಮೋಟರ್ ಇಲ್ಲದ ಗಾಡಿಯಲ್ಲಿ ಒಬ್ಬರು ಹೆಲ್ಮೆಟ್ ಹಾಕಿ ಕೂರಲಿ, ಇಬ್ಬರು ಓಡುತ್ತಾ ತಳ್ಳಲಿ. ಜೋರಾಗಿ ಓಡಿದರೆ ಹತ್ತಿರ ಹತ್ತಿರ 15 ಕಿ.ಮೀ. ವೇಗ ಬರುತ್ತದೆ. ನೆಲದಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಅಲ್ಲಿ ಬ್ರೇಕು ತುಳಿಯಿರಿ. ಒಣಗಿದ ಸಿಮೆಂಟ್ ನೆಲದಲ್ಲಿ ಮೂರು ಮೀಟರಿನ ಆಸುಪಾಸಿನಲ್ಲಿ ನಿಂತರೆ ಒಳ್ಳೆಯ ಬ್ರೇಕು. ಐದು ದಾಟಿದರೆ ಮೋಟರ್ ಬಗ್ಗೆ ಮಾತೇ ಬೇಡ, ವಾಪಸ್ ಕೆಲಸದ ಜಾಗಕ್ಕೆ. ಹತ್ತು ಸಲ ನಿಲ್ಲಿಸಿ. ಪ್ರತಿ ಸಲ ಅಳತೆ ಬರೆದಿಡಿ. ಸ್ಟೀರಿಂಗನ್ನು ಕೊನೆಯವರೆಗೆ ಎರಡೂ ಕಡೆ ತಿರುಗಿಸಿ, ಟೈರು ಎಲ್ಲೂ ತಾಗಬಾರದು.

ಮೋಟರ್ ಮತ್ತು ಚೈನ್

ಮೋಟರಿನ ಮೇಲಿನ ಚೀಟಿ ಓದಿ. ಉದಾಹರಣೆಗೆ 130 ವೋಲ್ಟ್, 4000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಅಂತಿದೆ ಅಂದುಕೊಳ್ಳಿ. ಈ ಜಾತಿಯ ಮೋಟರಿನಲ್ಲಿ ವೇಗ ವೋಲ್ಟೇಜಿಗೆ ತಕ್ಕಂತೆ, ಎಳೆಯುವ ಬಲ ಕರೆಂಟಿಗೆ ತಕ್ಕಂತೆ ಬರುತ್ತದೆ. 24 ವೋಲ್ಟ್ ಕೊಟ್ಟರೆ ಸುಮಾರು 740 ಸುತ್ತು. 15 ಆಂಪಿಯರ್ ಹರಿದರೆ ಬ್ಯಾಟರಿಯಿಂದ 360 ವಾಟ್. ನಮಗೆ ಬೇಕಾದಷ್ಟೇ.

30 ಸೆಂ.ಮೀ. ಚಕ್ರ ಒಂದು ಸುತ್ತಿಗೆ 94 ಸೆಂ.ಮೀ. ಮುಂದೆ ಹೋಗುತ್ತದೆ. ಗಂಟೆಗೆ 15 ಕಿ.ಮೀ.ಗೆ ನಿಮಿಷಕ್ಕೆ 266 ಸುತ್ತು ಬೇಕು. 740ನ್ನು 266ರಿಂದ ಭಾಗಿಸಿದರೆ 2.8. ಮೋಟರಿಗೆ 16 ಹಲ್ಲಿನ ಸೈಕಲ್ ಚಕ್ರ, ಆಕ್ಸಲ್ಲಿಗೆ ಪೆಡಲಿನ ಹತ್ತಿರ ಇರುವ 44 ಹಲ್ಲಿನ ದೊಡ್ಡ ಚಕ್ರ ಹಾಕಿದರೆ 2.75. ಸೈಕಲ್ ಚೈನೇ ಸಾಕು. ಸೈಕಲ್ಲಿನಲ್ಲಿ ದೊಡ್ಡ ಚಕ್ರ ಚಿಕ್ಕದನ್ನು ತಿರುಗಿಸುತ್ತದೆ, ಇಲ್ಲಿ ಉಲ್ಟಾ. ನಿಮ್ಮ ಮೋಟರಿನ ಅಂಕಿ ಬೇರೆ ಇದ್ದರೆ ಇದೇ ರೀತಿ ಲೆಕ್ಕ ಹಾಕಿ ಹಲ್ಲು ಆರಿಸಿಕೊಳ್ಳಿ.

ಮೋಟರಿನ ತುದಿಯ ಭಾರದ ಚಕ್ರ ಬಿಚ್ಚಲು ಬರದಿದ್ದರೆ ಬಲ ಹಾಕುವ ಮೊದಲು ಉಲ್ಟಾ ತಿರುಗಿಸಿ ನೋಡಿ. ಹಲವು ಟ್ರೆಡ್‌ಮಿಲ್ ಮೋಟರಿನಲ್ಲಿ ಎಡಗಡೆ ಥ್ರೆಡ್ ಇರುತ್ತದೆ. 16 ಹಲ್ಲಿನ ಚಕ್ರ ಕೂರಿಸಲು ಲೇತ್ ಇರುವಲ್ಲಿ ಒಂದು ಬುಷ್ (ಶಾಫ್ಟಿಗೂ ಹಲ್ಲಿನ ಚಕ್ರಕ್ಕೂ ನಡುವೆ ಕೂರುವ ಬಳೆ) ಮಾಡಿಸಿ.

ಎರಡು ಹಲ್ಲಿನ ಚಕ್ರವೂ ಒಂದೇ ಗೆರೆಯಲ್ಲಿರಬೇಕು. ಉದ್ದನೆಯ ಪಟ್ಟಿ ತಾಗಿಸಿ ನೋಡಿ. ಹೆಚ್ಚುಕಮ್ಮಿ ಆದರೆ ಚೈನ್ ಕಳಚಬಹುದು. ಮೋಟರ್ ಕೂರುವ ತಗಡಿನಲ್ಲಿ ತೂತಿನ ಬದಲು ಉದ್ದ ಸೀಳು ಮಾಡಿ, ಚೈನ್ ಬಿಗಿ ಮಾಡಲು ಅನುಕೂಲ. ನಡುವೆ ಬೆರಳಿನಿಂದ ಒತ್ತಿದರೆ ಒಂದು ಸೆಂ.ಮೀ. ಆಡಬೇಕು. ಆಮೇಲೆ ತಗಡಿನ ಕವರ್. ಕವರ್ ಹಾಕದೆ ಮೋಟರಿಗೆ ಕರೆಂಟ್ ಕೊಡಬೇಡಿ. ಚೈನಿಗೆ ಬೆರಳು ಸಿಕ್ಕರೆ ಬೆರಳು ಹೋಗುತ್ತದೆ.

ವೈರಿಂಗ್

12 ವೋಲ್ಟ್, 12 ಆಂಪಿಯರ್-ಅವರ್ (Ah) ಸಾಮರ್ಥ್ಯದ ಸೀಲ್ ಆದ ಲೆಡ್ ಬ್ಯಾಟರಿ ಎರಡು. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿದರೆ 24 ವೋಲ್ಟ್. ಒಂದೊಂದೂ ಸುಮಾರು 4 ಕೆ.ಜಿ. ತೂಗುತ್ತದೆ. ಆಸನದ ಪಕ್ಕ, ಆದಷ್ಟು ಕೆಳಗೆ, ಪಟ್ಟಿಯಿಂದ ಬಿಗಿದು ಕೂರಿಸಿ.

ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಬರಬೇಕು. ಫ್ಯೂಸಿಗಿಂತ ಮುಂಚೆ ಇರುವ ವೈರಿಗೆ ಯಾವ ರಕ್ಷಣೆಯೂ ಇಲ್ಲ, ಅದು ಉದ್ದ ಇದ್ದಷ್ಟೂ ಅಪಾಯ. 30 ಆಂಪಿಯರ್ ಫ್ಯೂಸ್, 6 ಚದರ ಎಂಎಂ ತಾಮ್ರದ ವೈರ್. ಫ್ಯೂಸ್ ಆದಮೇಲೆ ಅಣಬೆ ತಲೆಯ ಕೆಂಪು ಸ್ವಿಚ್, ಅಷ್ಟು ಕರೆಂಟನ್ನು ಕಡಿಯಬಲ್ಲದ್ದು. ಸವಾರನ ಕೈಗೂ ಸಿಗಬೇಕು, ಪಕ್ಕದಲ್ಲಿ ಓಡುವವರ ಕೈಗೂ ಸಿಗಬೇಕು. ಅಲ್ಲಿಂದ ಕಂಟ್ರೋಲರ್, ಅಂದರೆ ಮೋಟರಿಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ. ಕಂಟ್ರೋಲರಿನಿಂದ ಮೋಟರ್.

ಕಂಟ್ರೋಲರನ್ನು ಹಳೇ ಎಲೆಕ್ಟ್ರಿಕ್ ಆಟದ ಸ್ಕೂಟರಿನಿಂದ ತೆಗೆಯಬಹುದು. ಬ್ರಷ್ ಇರುವ (ನಮ್ಮ ಮೋಟರಿನ ಹಾಗೆ ಎರಡೇ ದಪ್ಪ ವೈರಿನ) 24 ವೋಲ್ಟ್ ಮೋಟರಿನದ್ದೇ ಆಗಿರಲಿ. ಅದರ ಜೊತೆ ಕೈಯಲ್ಲಿ ತಿರುವುವ ಆಕ್ಸಿಲರೇಟರೂ ಸಿಗುತ್ತದೆ. ಬರೀ ಸ್ವಿಚ್ ಹಾಕಿ ಓಡಿಸುವ ಆಸೆ ಬೇಡ. ಪೂರ್ತಿ ಕರೆಂಟ್ ಒಮ್ಮೆಲೇ ನುಗ್ಗಿದರೆ ಚೈನ್ ಎಗರುತ್ತದೆ, ಸ್ವಿಚ್ಚಿನ ಒಳಗೆ ಕಿಡಿ ಹತ್ತಿ ಆಫ್ ಆಗದೆ ಅಂಟಿಕೊಳ್ಳುತ್ತದೆ. ಇಂಥ ಎಷ್ಟೋ ಕಂಟ್ರೋಲರುಗಳಲ್ಲಿ ಬ್ರೇಕಿಗೆಂದೇ ಎರಡು ಸಣ್ಣ ವೈರು ಇರುತ್ತವೆ. ಪೆಡಲಿನ ಕೆಳಗೆ ಪುಟ್ಟ ಸ್ವಿಚ್ ಇಟ್ಟು ಜೋಡಿಸಿ. ಬ್ರೇಕು ತುಳಿದ ಕೂಡಲೇ ಮೋಟರಿಗೆ ಕರೆಂಟ್ ನಿಲ್ಲುತ್ತದೆ.

ಆ ಬ್ಯಾಟರಿಗೆಂದೇ ಮಾಡಿದ ಚಾರ್ಜರ್ ಬಳಸಿ, ಗಾಳಿ ಆಡುವ ಜಾಗದಲ್ಲಿ ಚಾರ್ಜ್ ಮಾಡಿ. ಓಡಿಸುವಾಗ ಒಂದೊಂದು ಬ್ಯಾಟರಿಯೂ 10.5 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಸಮತಟ್ಟು ನೆಲದಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ.

ಮೊದಲ ಓಟ

ಮೊದಲು ಹಿಂದಿನ ಚಕ್ರ ಮೇಲೆತ್ತಿ, ಇಟ್ಟಿಗೆ ಮೇಲೆ ಗಾಡಿ ನಿಲ್ಲಿಸಿ. ಎಲ್ಲರೂ ಪಕ್ಕಕ್ಕೆ ನಿಲ್ಲಿ, ಚಕ್ರದ ಸಾಲಿನಲ್ಲಿ ಯಾರೂ ಬೇಡ. ಆಕ್ಸಿಲರೇಟರ್ ಮೆಲ್ಲಗೆ ಕೊಡಿ. ಚಕ್ರ ಹಿಂದಕ್ಕೆ ತಿರುಗಿದರೆ ಮೋಟರಿನ ಎರಡು ವೈರು ಅದಲುಬದಲು ಮಾಡಿ. ಓಡುತ್ತಿರುವಾಗಲೇ ಕೆಂಪು ಸ್ವಿಚ್ ಒತ್ತಿ ನೋಡಿ. ಬ್ರೇಕು ತುಳಿದಾಗ ಕರೆಂಟ್ ನಿಲ್ಲುತ್ತದೆಯಾ ನೋಡಿ.

ಆಮೇಲೆ ಖಾಲಿ ಮೈದಾನ ಅಥವಾ ಗೇಟು ಹಾಕಿದ ಅಂಗಳ. ಸಾರ್ವಜನಿಕ ರಸ್ತೆಗೆ ಇಳಿಸಲೇಬೇಡಿ. ಬಸ್ಸು, ಲಾರಿ ಓಡಿಸುವವರ ಕಣ್ಣಿಗೆ ಇಷ್ಟು ತಗ್ಗಿನ ಗಾಡಿ ಬೀಳುವುದೇ ಇಲ್ಲ. ಹೆಲ್ಮೆಟ್, ಗ್ಲೌಸ್, ಪಾದ ಮುಚ್ಚುವ ಶೂ ಇರಲಿ. ಸಡಿಲ ಬಟ್ಟೆ, ದುಪಟ್ಟಾ, ಇಳಿಬಿಟ್ಟ ಜಡೆ ಬೇಡ. ತಲೆ ಮೇಲೆ ಕಬ್ಬಿಣದ ಪಂಜರ ಇಲ್ಲದ ಗಾಡಿಗೆ ಸೀಟ್ ಬೆಲ್ಟ್ ಹಾಕಬಾರದು. ಮಗುಚಿದರೆ ಸವಾರ ಗಾಡಿಯ ಅಡಿಯಲ್ಲೇ ಸಿಕ್ಕಿಕೊಳ್ಳುತ್ತಾನೆ. ರೇಸಿನ ಕಾರ್ಟ್‌ನಲ್ಲೂ ಅದಕ್ಕೇ ಬೆಲ್ಟ್ ಇರುವುದಿಲ್ಲ.

ಮೊದಲ ಸುತ್ತು ನಡಿಗೆಯ ವೇಗದಲ್ಲಿ, ಪಕ್ಕದಲ್ಲಿ ಒಬ್ಬರು ನಡೆಯುತ್ತಾ ಬರಲಿ. ಐದು ನಿಮಿಷ ಓಡಿಸಿ ನಿಲ್ಲಿಸಿ. ಮೋಟರನ್ನು, ಕಂಟ್ರೋಲರನ್ನು, ವೈರಿನ ಜೋಡಣೆಗಳನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಜೋಡಣೆ ಸಡಿಲವಿದೆ ಅಥವಾ ಚೈನ್ ಬಿಗಿ ಜಾಸ್ತಿ ಆಗಿದೆ.

ಓಡಿಸುವ ಮೊದಲು ಪ್ರತಿ ನಟ್ಟಿಗೂ ಅದರ ಪಕ್ಕದ ಕಬ್ಬಿಣಕ್ಕೂ ಸೇರಿಸಿ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆದಿಡಿ. ಅರ್ಧ ಗಂಟೆ ಓಡಿದ ಮೇಲೆ ಗಾಡಿ ಸುತ್ತ ಒಂದು ಸುತ್ತು ಬನ್ನಿ. ಗೆರೆ ಎಲ್ಲಿ ಮುರಿದಿದೆಯೋ ಆ ನಟ್ಟು ಅಲ್ಲಾಡಿದೆ. ನಾವು ಮೂರನೇ ಕಾರಿನಲ್ಲಿ ಈ ಗೆರೆ ಹಾಕಲು ಶುರುಮಾಡಿದೆವು. ಮೊದಲ ದಿನವೇ ಎಡಗಡೆ ತಿರುಗುಣಿಯ ನಟ್ಟಿನಲ್ಲಿ ಗೆರೆ ಅರ್ಧ ಬೆರಳು ಸರಿದಿತ್ತು. ಬಿಗಿ ಮಾಡಿ, ಹೊಸ ಗೆರೆ ಎಳೆದು, ಮತ್ತೆ ಓಡಿಸಿದೆವು.